ರೇಷ್ಮೆ ತಕ್ಕಡಿಯಲ್ಲಿ ರಾಗಿ ಮುದ್ದೆ

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಯರ್ರಮ್ಮನನ್ನು ಕಾಣದವರು ಇರಬಹುದು, ಅವಳ ನಗು ಕೇಳದವರು ಇರಲಿಕ್ಕಿಲ್ಲ. ಮೂರು ಮನೆ ಆಚೆಗೆ ಕೇಳಿಸುವ ನಗು ಅದು. ಅಂಥ ಯರ್ರಮ್ಮ ಎರಡು ಸಾವಿರದ ಎರಡನೇ ಇಸವಿ, ಯುಗಾದಿ ಕಳೆದ ಸೋಮವಾರ ಬೆಳಿಗ್ಗೆ, ತಲೆಗೆ ಎರೆದುಕೊಂಡು, ಹಣೆಗೆ ದೊಡ್ಡ ಕುಂಕುಮ ಇಟ್ಟುಕೊಂಡು, ಉಸಿರು ಬಿಗಿಹಿಡಿದು ತನ್ನ ಹಳೇ ಮಗ್ಗದ ಗುಂಡಿಗೆ ಕಾಲಿಟ್ಟಳು. ಬಾಗಿಲಲ್ಲಿ ಗಂಡ ಉಗ್ರಪ್ಪ ನಿಂತಿದ್ದ. ಅವನ ಹಿಂದೆ ಅತ್ತೆ ಕೆಂಚಕ್ಕ. ಕಿಟಕಿಯಲ್ಲಿ ಅರ್ಧ ಬೀದಿ.

ಗುಂಡಿ ಮಗ್ಗ ನೋಡಿಲ್ಲದವರಿಗೆ ಇದರಲ್ಲಿ ಏನಿದೆ ಅನ್ನಿಸಬಹುದು. ನೆಲದಲ್ಲಿ ಒಂದು ಗುಂಡಿ, ಅದರ ಅಂಚಿಗೆ ಒಂದು ಮಣೆ. ನೇಯುವವರು ಮಣೆ ಮೇಲೆ ಕೂತು, ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ತುಳಿಯಬೇಕು. ಹೊಟ್ಟೆಯ ಎದುರಿಗೆ ಅಡ್ಡಲಾಗಿ ಒಂದು ಮರದ ದಿಂಡು ಇರುತ್ತದೆ. ನೇಯ್ದ ಸೀರೆ ಅದಕ್ಕೆ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಮಣೆಗೂ ದಿಂಡಿಗೂ ನಡುವಿನ ಜಾಗ ಎಷ್ಟಿದೆಯೋ ಅಷ್ಟೇ. ಮನುಷ್ಯ ಹಿಗ್ಗಿದನೆಂದು ಮಗ್ಗ ಹಿಗ್ಗುವುದಿಲ್ಲ. ಯರ್ರಮ್ಮ ಹಿಗ್ಗಿದ್ದಳು, ಹಿಗ್ಗಿ ಏಳು ವರ್ಷ ಈ ಗುಂಡಿಯಿಂದ ಹೊರಗೆ ಕೂತಿದ್ದಳು.

ಅವಳ ತವರು ರಾಂಪುರ. ಅಪ್ಪ ಸಂತೆಯಿಂದ ಸಂತೆಗೆ ಸೀರೆ ಗಂಟು ಹೊತ್ತು ಮಾರುವವನು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಆ ಮನೆಯಲ್ಲಿ ಬಡತನ ಇತ್ತೇ ಹೊರತು ಊಟಕ್ಕೆ ಜಿಪುಣತನ ಇರಲಿಲ್ಲ. ಶೇಂಗಾ ಚಟ್ನಿ, ಬಿಸಿ ಮುದ್ದೆ, ಮೇಲೊಂದಿಷ್ಟು ಎಣ್ಣೆ, ಕೊನೆಗೆ ಮಜ್ಜಿಗೆ. ಹದಿನೆಂಟಕ್ಕೆ ಉಗ್ರಪ್ಪನ ಕೈಹಿಡಿದು ಮೊಳಕಾಲ್ಮೂರಿಗೆ ಬಂದಾಗ ಅವಳಿಗೆ ಸೀರೆ ಮಡಿಸುವುದು ಬರುತ್ತಿತ್ತು, ನೇಯುವುದು ಬರುತ್ತಿರಲಿಲ್ಲ. ಕಲಿಸಿದ್ದು ಕೆಂಚಕ್ಕ. ಕಲಿಸುವಾಗ ಬೈದದ್ದಕ್ಕೆ ಲೆಕ್ಕವಿಲ್ಲ, ಆದರೆ ಕಲಿತ ಮೇಲೆ ಸೊಸೆಯ ನೇಯ್ಗೆಯನ್ನು ಬೀದಿಯವರ ಮುಂದೆಲ್ಲ ಹಿಡಿದು ತೋರಿಸಿದ್ದೂ ಅವಳೇ. ಯರ್ರಮ್ಮ ನೇಯ್ದ ಸೀರೆಯನ್ನು ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆಳಕು ಕಾಣುತ್ತಿರಲಿಲ್ಲ. ಎಳೆಗಳನ್ನು ಅಷ್ಟು ಒತ್ತಾಗಿ ಬಡಿದು ಕೂರಿಸುತ್ತಿದ್ದಳು.

ಮಗಳು ಹುಟ್ಟಿದಳು, ಬೆಳೆದಳು, ಹಿರಿಯೂರಿಗೆ ಮದುವೆಯಾಗಿ ಹೋದಳು. ಈ ನಡುವೆ ಯರ್ರಮ್ಮನೂ ಬೆಳೆದಳು, ಅಡ್ಡಕ್ಕೆ. ಯಾವಾಗ ಬೆಳೆದಳೆಂದು ಯಾರೂ ಗಮನಿಸಲಿಲ್ಲ, ಮಗ್ಗ ಒಂದನ್ನು ಬಿಟ್ಟು. ಒಂದು ದಿನ ಕೂತವಳಿಗೆ ಏಳಲು ಆಗಲಿಲ್ಲ. ಹೊಟ್ಟೆ ದಿಂಡಿಗೆ ಒತ್ತಿಕೊಂಡಿತ್ತು, ಕಾಲು ಗುಂಡಿಯಲ್ಲಿ ಮರಗಟ್ಟಿತ್ತು. ಉಗ್ರಪ್ಪ ಒಂದು ಕಡೆ, ಪಕ್ಕದ ಮನೆಯವರು ಇನ್ನೊಂದು ಕಡೆ ಹಿಡಿದು ಎಳೆದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಯರ್ರಮ್ಮನೇ. ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಅತ್ತವಳೂ ಅವಳೇ. ಮರುದಿನದಿಂದ ಗೋಡೆಗೆ ಒರಗಿ ಕೂತು ರಾಟೆಯಲ್ಲಿ ಕಂಡಿಕೆ ಸುತ್ತುವ ಕೆಲಸ ಹಿಡಿದಳು. ಬೇರೆಯವರ ಲಾಳಿಗೆ ತಾನು ನೂಲು ಸುತ್ತಿಕೊಡುವುದು. ಮೈಯಾಡದ ಕೆಲಸ, ಕೈಗೆಟುಕುವಲ್ಲಿ ಹುರಿದ ಶೇಂಗಾ. ಇನ್ನಷ್ಟು ಹಿಗ್ಗಿದಳು.

ಮಂಡಿ ನೋವು ತಡೆಯಲಾಗದೆ ಚಳ್ಳಕೆರೆಯ ಒಂದು ನರ್ಸಿಂಗ್ ಹೋಮಿಗೆ ಹೋದಾಗ ಅಲ್ಲಿನ ನರ್ಸ್ ಕಮಲಾಕ್ಷಮ್ಮ ಗುಳಿಗೆಗಿಂತ ಹೆಚ್ಚಾಗಿ ಮಾತು ಕೊಟ್ಟರು. ಎಂಬತ್ನಾಲ್ಕು ಕೆಜಿ ಹೊತ್ತುಕೊಂಡು ತಿರುಗಿದರೆ ಮಂಡಿ ಏನು ಮಾಡೀತು, ಇಳಿಸು ಅಂದರು. ಯರ್ರಮ್ಮ ಮಂಡಿಗಾಗಿ ಇಳಿಸಲಿಲ್ಲ. ಮನೆಗೆ ಬಂದು, ಧೂಳು ಹಿಡಿದು ಕೂತಿದ್ದ ತನ್ನ ಮಗ್ಗವನ್ನು ನೋಡಿದಳು. ಆವತ್ತಿನಿಂದ ಮುದ್ದೆ ಅರ್ಧ, ಸೊಪ್ಪು ದುಪ್ಪಟ್ಟು, ಕರಿದದ್ದು ಬಂದ್. ಬೆಳಿಗ್ಗೆ ಗುಡ್ಡದ ದಾರಿಯಲ್ಲಿ ಬಿರಬಿರನೆ ನಡಿಗೆ. ಒಂದು ವರ್ಷದ ಮೇಲೆ ಅರವತ್ತಾರಕ್ಕೆ ಬಂದು ನಿಂತಳು.

ಈಗ ಗುಂಡಿಗೆ ಇಳಿದವಳು ಮೆಲ್ಲಗೆ ಮಣೆ ಮೇಲೆ ಕೂತಳು. ಹೊಟ್ಟೆಗೂ ದಿಂಡಿಗೂ ನಡುವೆ ಒಂದು ಗೇಣು ಜಾಗ ಉಳಿಯಿತು. ಅವಳು ತನ್ನ ಕೈಯನ್ನೇ ಆ ಜಾಗದಲ್ಲಿ ಇಟ್ಟು ನೋಡಿಕೊಂಡು, ಕಿಟಕಿ ಕಡೆ ತಿರುಗಿ ನಕ್ಕಳು. ಏಳು ವರ್ಷದ ನಗು ಒಟ್ಟಿಗೆ ಬಂದಂತಿತ್ತು. ಕೆಂಚಕ್ಕ ಮಗ್ಗಕ್ಕೆ ಅರಿಸಿನ ಕುಂಕುಮ ಹಚ್ಚಿ, ಸೊಸೆಯ ತಲೆ ಸವರಿ, "ಇನ್ನು ಇಲ್ಲಿಂದ ಎದ್ರೆ ನೋಡು ಮತ್ತೆ" ಎಂದು ಗದರಿದಳು.

ಗದರಿದ್ದು ಪ್ರೀತಿಗೆ. ಆದರೆ ಆ ಮಾತು ಯರ್ರಮ್ಮನ ಎದೆಯಲ್ಲಿ ಕೂತುಬಿಟ್ಟಿತು.

ಏಕೆಂದರೆ ತೂಕ ಇಳಿಸುವುದು ಹೇಗೆ ಎಂದು ಹೇಳಿಕೊಡಲು ಊರ ತುಂಬ ಜನ ಇದ್ದರು. ಇಳಿದದ್ದನ್ನು ಅಲ್ಲೇ ನಿಲ್ಲಿಸುವುದು ಹೇಗೆ ಎಂದು ಹೇಳುವವರು ಒಬ್ಬರೂ ಇರಲಿಲ್ಲ. ಬದಲಿಗೆ ಹೆದರಿಸುವವರು ಬೇಕಾದಷ್ಟು. ಯಾರದೋ ಚಿಕ್ಕಮ್ಮ ಇಳಿದಿದ್ದಳಂತೆ, ಊಟ ಶುರು ಮಾಡಿದ ಮೂರೇ ತಿಂಗಳಿಗೆ ಮೊದಲಿಗಿಂತ ಜಾಸ್ತಿ ಆದಳಂತೆ. ಯರ್ರಮ್ಮನಿಗೆ ತಟ್ಟೆ ಮುಂದೆ ಕೂತರೆ ಕೈ ಮುಂದೆ ಹೋಗದು. ಎಷ್ಟು ಉಂಡರೆ ಸರಿ? ಅರ್ಧ ಮುದ್ದೆ ಉಂಡುಕೊಂಡು ಸಾಯುವ ತನಕ ಇರಲಿಕ್ಕಾಗುತ್ತದೆಯೇ? ಇಡೀ ಮುದ್ದೆ ಉಂಡರೆ ಮತ್ತೆ ಗೋಡೆ ಪಕ್ಕದ ರಾಟೆಯೇ ಗತಿಯೇ? ಈ ಚಿಂತೆ ಹೊತ್ತುಕೊಂಡು ಒಂದು ಬುಧವಾರ ಚಳ್ಳಕೆರೆ ಬಸ್ಸು ಹತ್ತಿದಳು.

ಕಮಲಾಕ್ಷಮ್ಮ ಅವಳನ್ನು ನೋಡಿ ಕುರ್ಚಿಯಿಂದ ಎದ್ದೇ ಬಂದರು. "ಏ ಯರ್ರಮ್ಮ, ನೀನೇನಾ? ಗುರುತೇ ಸಿಗಲ್ವಲ್ಲೇ!"

"ಗುರುತು ಸಿಗೋ ಹಂಗೆ ಮತ್ತೆ ಆಗಬಾರ್ದು ಸಿಸ್ಟರಮ್ಮ, ಅದುಕ್ಕೇ ಬಂದೀನಿ. ಈಗ ದಿನಾ ಎಷ್ಟು ಉಣ್ಣಬೇಕು ಹೇಳ್ರಿ. ಜಾಸ್ತೀನೂ ಬ್ಯಾಡ, ಕಮ್ಮೀನೂ ಬ್ಯಾಡ."

ಕಮಲಾಕ್ಷಮ್ಮ ಕೂರಿಸಿಕೊಂಡು ವಿವರವಾಗಿ ಹೇಳಿದರು. ಮೈಗೆ ದಿನಾ ಒಂದು ಖರ್ಚು ಇದೆ. ಸುಮ್ಮನೆ ಮಲಗಿದ್ದರೂ ಉಸಿರಾಡಲು, ರಕ್ತ ಓಡಲು ಬೇಕು. ಮೇಲೆ ಮಾಡುವ ಕೆಲಸಕ್ಕೆ ಬೇಕು. ಈ ಖರ್ಚನ್ನು ಅಳೆಯುವ ಅಳತೆಗೆ ಕ್ಯಾಲೊರಿ ಅನ್ನುತ್ತಾರೆ. ಖರ್ಚಿಗಿಂತ ಕಮ್ಮಿ ತಿಂದದ್ದಕ್ಕೆ ನೀನು ಇಳಿದೆ. ಇನ್ನು ಮೇಲೆ ಖರ್ಚಿಗೆ ಸಮ ತಿನ್ನಬೇಕು. ಹೀಗೆ ಹೇಳಿ, ಅವಳ ಎತ್ತರ, ವಯಸ್ಸು, ತೂಕ ಕೇಳಿದರು. ದಿನಕ್ಕೆ ಎಷ್ಟು ಹೊತ್ತು ಮಗ್ಗದಲ್ಲಿ ಕೂರುತ್ತೀ ಎಂದು ಕೇಳಿದರು.

"ಕೂರೋದಾ? ಕೂತಲ್ಲೇ ಕೈಕಾಲು ಎರಡೂ ಓಡ್ತಿರ್ತಾವೆ ಸಿಸ್ಟರಮ್ಮ."

"ಗೊತ್ತಮ್ಮ, ಅದುಕ್ಕೇ ಕೇಳ್ತಿರೋದು. ಕುರ್ಚಿ ಮೇಲೆ ಕೂತೋರ ಲೆಕ್ಕ ನಿಂಗೆ ಹಾಕಿದ್ರೆ ತಪ್ಪಾಗುತ್ತೆ." ಎಲ್ಲ ಕೂಡಿಸಿ ಗುಣಿಸಿ ಹತ್ತೊಂಬತ್ತು ನೂರು ಕ್ಯಾಲೊರಿ ಬೇಕು ಅಂದರು. ಅದನ್ನು ಊಟಕ್ಕೆ ತಿರುಗಿಸಿ ಹೇಳಿದರು. ದಿನಕ್ಕೆ ರಾಗಿ ಇನ್ನೂರು ಗ್ರಾಂ, ಅಕ್ಕಿ ನೂರು, ಬೇಳೆ ಒಂದು ಹಿಡಿ, ಶೇಂಗಾ ಅರ್ಧ ಹಿಡಿ, ಒಂದು ದೊಡ್ಡ ಲೋಟ ಹಾಲು, ಸೊಪ್ಪು ತರಕಾರಿ ಬೇಕಾದಷ್ಟು. "ಇದು ಶುರು ಮಾಡೋಕೆ ಒಂದು ಅಂದಾಜು ಅಷ್ಟೆ. ನಿನ್ನ ಮೈ ಏನು ಹೇಳುತ್ತೋ ನೋಡಬೇಕು. ತಿಂಗಳಿಗೊಂದು ಸಲ ತೂಕ ನೋಡ್ಕೋ. ಏರಿದ್ರೆ ಒಂಚೂರು ಕಮ್ಮಿ ಮಾಡು, ಇಳಿದ್ರೆ ಒಂಚೂರು ಜಾಸ್ತಿ ಮಾಡು. ತಿಳೀತಾ?"

"ತಿಳೀತು" ಅಂದಳು ಯರ್ರಮ್ಮ. ಅರ್ಧ ತಿಳಿದಿತ್ತು. ಏರಿದರೆ ಕಮ್ಮಿ ಮಾಡು ಅನ್ನುವುದು ಎದೆಗೆ ನಾಟಿತು. ಇಳಿದರೆ ಜಾಸ್ತಿ ಮಾಡು ಅನ್ನುವುದು ಬಸ್ಸು ಹತ್ತುವ ಹೊತ್ತಿಗೇ ಮರೆತುಹೋಗಿತ್ತು. ಇಳಿದರೆ ಯಾರಾದರೂ ಚಿಂತೆ ಮಾಡುತ್ತಾರೆಯೇ?

ನೇಕಾರರ ಮನೆಯಲ್ಲಿ ಉಪ್ಪು ಇಲ್ಲದಿದ್ದರೂ ತಕ್ಕಡಿ ಇರುತ್ತದೆ. ಸಾವ್ಕಾರರು ರೇಷ್ಮೆಯನ್ನೂ ಜರಿಯನ್ನೂ ತೂಗಿ ಕೊಡುತ್ತಾರೆ, ಸೀರೆಯನ್ನು ತೂಗಿ ತಗೊಳ್ಳುತ್ತಾರೆ. ಒಳಗೆ ಬಂದದ್ದು, ಹೊರಗೆ ಹೋದದ್ದು ಎಲ್ಲಕ್ಕೂ ತೂಕ. ಯರ್ರಮ್ಮ ಈ ವಿಷಯದಲ್ಲಿ ಬಲು ಖಡಕ್ಕು. ನೂಲು ಒಂದಿಷ್ಟು ತಂಪು ಹಿಡಿದಿದೆ ಅನ್ನಿಸಿದರೆ ಸಾಕು, ಕೈಯಲ್ಲಿ ಹಿಂಡಿ ನೋಡಿ, "ನೀರು ತೂಗಿ ಕೊಡ್ತೀರೇನ್ರಿ?" ಎಂದು ಸಾವ್ಕಾರರ ಮುಖಕ್ಕೇ ಹೇಳುವವಳು. ಒಣಗಿದ ಮೇಲೆ ತೂಗಿಸಿಯೇ ಒಳಗಿಡುತ್ತಿದ್ದಳು.

ಆವತ್ತು ರಾತ್ರಿ ಊಟಕ್ಕೆ ಆ ತಕ್ಕಡಿ ಅಡುಗೆಮನೆಗೆ ಬಂತು. ಕೆಂಚಕ್ಕ ಮುದ್ದೆ ತೊಳಸಿ ಇಳಿಸಿದಳು. ಯರ್ರಮ್ಮ ಒಂದು ತಟ್ಟೆಯಲ್ಲಿ ನೂರು ಗ್ರಾಮಿನ ಕಲ್ಲು ಇಟ್ಟಳು. ಇನ್ನೊಂದು ತಟ್ಟೆಗೆ ಬಾಳೆಎಲೆ ಚೂರು ಹಾಸಿ, ಹೊಗೆಯಾಡುವ ಮುದ್ದೆಯಿಂದ ಒಂದು ತುಣುಕು ಮುರಿದು ಹಾಕಿದಳು. ಹೆಚ್ಚಾಯಿತು, ಚಿವುಟಿದಳು. ಮುಳ್ಳು ನೆಟ್ಟಗಾಯಿತು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು ಅನ್ನಬಹುದಾದ ಒಂದು ಉಂಡೆ ಉಳಿಯಿತು.

ಕೆಂಚಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಎಂಬತ್ತು ವರ್ಷಕ್ಕೆ ಇದೊಂದು ನೋಡಬೇಕಿತ್ತು ನಾನು. ರೇಷ್ಮೆ ತೂಗೋ ತಕ್ಕಡೀಲಿ ಮುದ್ದೆ!"

"ಸಿಸ್ಟರಮ್ಮ ಹೇಳ್ಯಾರೆ ಅತ್ತೆ. ಹೊತ್ತಿಗೆ ನೂರು."

"ನಿಮ್ಮ ಸಿಸ್ಟರಮ್ಮ ಗುಬ್ಬಿ ಸಾಕ್ಯಾಳೇನು?"

ಉಗ್ರಪ್ಪ ನಡುವೆ ಬಾಯಿ ಹಾಕಲಿಲ್ಲ. ಅತ್ತೆ ಸೊಸೆ ಮಾತಿನ ನಡುವೆ ಬಾಯಿ ಹಾಕಿದರೆ ಇಬ್ಬರೂ ಒಂದಾಗಿ ತನ್ನ ಮೇಲೆ ತಿರುಗುತ್ತಾರೆ ಎಂಬುದು ಅವನಿಗೆ ಇಪ್ಪತ್ತೈದು ವರ್ಷದ ಅನುಭವ. ಹೀಗೆ ಮುದ್ದೆ, ಅನ್ನ, ಬೆಂದ ಬೇಳೆ, ಎಲ್ಲವೂ ತಕ್ಕಡಿ ಏರಿ ಇಳಿದು ಯರ್ರಮ್ಮನ ತಟ್ಟೆಗೆ ಬರತೊಡಗಿದವು. ನಿಜ ನೋಡಿದರೆ ಇಳಿಸುವ ಕಾಲದಲ್ಲಿ ತಿನ್ನುತ್ತಿದ್ದುದಕ್ಕಿಂತ ಇದೇನೂ ಹೆಚ್ಚಿರಲಿಲ್ಲ. ಆದರೆ ಅವಳಿಗೆ ಹೊಟ್ಟೆ ಕಿರಿದಾಗಿ ವರ್ಷವಾಗಿತ್ತು, ಹೆಚ್ಚು ಕಮ್ಮಿ ಗೊತ್ತಾಗಲಿಲ್ಲ. ಮೇಲಾಗಿ ಹಾಲು ಇತ್ತು, ಶೇಂಗಾ ಇತ್ತು. ತಾನೀಗ ಲೆಕ್ಕದ ಪ್ರಕಾರ ಉಣ್ಣುತ್ತಿದ್ದೇನೆ ಎಂಬ ನೆಮ್ಮದಿ ಇತ್ತು.

ಮೊದಲ ತಿಂಗಳಿಗೆ ರವಿಕೆ ಸಡಿಲವಾಯಿತು. ಎರಡನೇ ತಿಂಗಳಿಗೆ ಬಳೆ ಮೊಣಕೈ ತನಕ ಜಾರತೊಡಗಿತು. ಯಾವುದೋ ಮದುವೆಗೆಂದು ಚಳ್ಳಕೆರೆಗೆ ಹೋದಾಗ ಬಸ್‌ಸ್ಟ್ಯಾಂಡಿನ ಬಣ್ಣದ ದೀಪದ ತೂಕದ ಮಿಷನ್ನಿಗೆ ಕಾಸು ಹಾಕಿದಳು. ಚೀಟಿ ಬಿತ್ತು, ಅರವತ್ತೊಂದು. ಹಿಂದುಗಡೆ "ನಿಮಗೆ ಶುಕ್ರದೆಸೆ ಆರಂಭ" ಎಂದು ಭವಿಷ್ಯ. ಯರ್ರಮ್ಮ ಚೀಟಿಯನ್ನು ಉಗ್ರಪ್ಪನ ಮುಖಕ್ಕೆ ಹಿಡಿದು ಕುಣಿಯುವುದೊಂದು ಬಾಕಿ. ಮದುವೆ ಮನೆಯಲ್ಲಿ ಯಾರೋ "ಕಾಲೇಜು ಹುಡುಗಿ ಥರ ಆಗಿದೀಯಲ್ಲಮ್ಮ" ಅಂದರು. ಅಂಥ ಮಾತು ಕೇಳಿದ ಮೇಲೆ ನರ್ಸಮ್ಮನ ಹತ್ತಿರ ಹೋಗುವುದಕ್ಕೆ ಯಾವ ಹೆಂಗಸಿಗೆ ನೆನಪಿರುತ್ತದೆ?

ಆದರೆ ಮಗ್ಗ ಸುಮ್ಮನಿರಲಿಲ್ಲ. ಮಧ್ಯಾಹ್ನ ಕಳೆದರೆ ಯರ್ರಮ್ಮನ ತೋಳು ಸೋಲುತ್ತಿತ್ತು. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ಲಾಳಿ ಎಸೆದು, ಎದುರಿನ ಹಲಗೆಯನ್ನು ಕೈಯಲ್ಲಿ ಎಳೆದು, ಅಡ್ಡ ಬಂದ ಹೊಕ್ಕಿನ ಎಳೆಯನ್ನು ಬಡಿದು ಕೂರಿಸಬೇಕು. ಬಡಿತ ಮೊದಲಿನ ಹಾಗೆ ಬೀಳುತ್ತಿರಲಿಲ್ಲ. ಪಕ್ಕದ ಮಗ್ಗದಲ್ಲಿ ಕೂತ ಉಗ್ರಪ್ಪನಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಒಂದು ಸಲ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಅವಳು ದಿಂಡು ಹಿಡಿದುಕೊಂಡಳು. "ಸೆಕೆ" ಅಂದಳು. ಶ್ರಾವಣದಲ್ಲಿ ಎಲ್ಲಿಯ ಸೆಕೆ?

ರೇಷ್ಮೆ ಕೊಡುವ ಸಾವ್ಕಾರರು ಜಂಬುಲಿಂಗಪ್ಪ. ದೊಡ್ಡ ಮೀಸೆ, ಮೆತ್ತಗಿನ ಮಾತು. ಆ ವಾರ ಬಂದವರು ಯರ್ರಮ್ಮ ನೇಯ್ದ ಸೀರೆಯನ್ನು ಬಿಚ್ಚಿ, ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದರು. ಸೆರಗಿನ ಹತ್ತಿರ ಸರಿ ಇತ್ತು. ಒಡಲಿಗೆ ಬಂದರೆ, ಬಟ್ಟೆಯ ಆಚೆ ಬೀದಿಯಲ್ಲಿ ಹೋಗುವ ಎಮ್ಮೆಯೇ ಕಾಣುತ್ತಿತ್ತು.

"ಏನಮ್ಮಾ ಇದು? ನಿನ್ನ ಕೈಯೇನಾ?"

ಯರ್ರಮ್ಮ ಹತ್ತಿರ ಬಂದು ಬಟ್ಟೆಯನ್ನು ತಾನೂ ಬೆಳಕಿಗೆ ಹಿಡಿದು ನೋಡಿದಳು.

"ಕಾರ್ತೀಕಕ್ಕೆ ದೊಡ್ಡಂಚಿನ ಮದುವೆ ಸೀರೆ ಕೇಳ್ಯಾರೆ ನಂಗೆ. ನೀನು ಮಗ್ಗಕ್ಕೆ ಬಂದೆ ಅಂತ ಆ ಹಾಸು ನಿಂಗೇ ಇಟ್ಟಿದ್ದೆ. ಈಗ ಏರಿಸಿರೋ ಹಾಸಿನಲ್ಲಿ ಇನ್ನು ಎರಡು ಸೀರೆ ಐತೆ. ಅವು ಮುಗಿಯೋದ್ರೊಳಗೆ ನೇಯ್ಗೆ ಒತ್ತು ಬರ್ಲಿ. ಬರ್ಲಿಲ್ಲ ಅಂದ್ರೆ ಬ್ಯಾಸರ ಮಾಡ್ಕೋಬ್ಯಾಡ, ಬೇರೆಯವರಿಗೆ ಕೊಡಬೇಕಾಗ್ತದೆ. ನಿನ್ನ ಮಗ್ಗ ಖಾಲಿ ಬಿಡಬೇಕಾಗ್ತದೆ."

ಅವರು ಹೋದ ಮೇಲೆ ಯರ್ರಮ್ಮ ಗುಂಡಿಯ ಅಂಚಿನಲ್ಲಿ ಕೂತೇ ಇದ್ದಳು. ದಪ್ಪವಾದಾಗ ಮಗ್ಗ ಹೊರಗೆ ಹಾಕಿತ್ತು, ಈಗ ಸಣ್ಣಗಾದರೂ ಅದೇ ಹೊರಗೆ ಹಾಕುತ್ತದೆ. ಉಂಡರೆ ಹೊಟ್ಟೆ ಬರುತ್ತದೆ, ಉಣ್ಣದಿದ್ದರೆ ತೋಳು ಹೋಗುತ್ತದೆ. ಲೆಕ್ಕದ ಪ್ರಕಾರವೇ ಉಣ್ಣುತ್ತಿದ್ದೇನಲ್ಲ, ಇನ್ನೇನು ಮಾಡಲಿ? ತನ್ನ ಮೈಗೆ ಮಾತ್ರ ಲೆಕ್ಕ ನಡೆಯುವುದಿಲ್ಲವೇನೋ ಅನ್ನಿಸಿ ಅವಳಿಗೆ ಅಳು ಬಂತು. ಯಾರು ನೋಡಿದರೂ ನೋಡಲಿ ಎಂದು ನಡುಮನೆಯಲ್ಲೇ ಕೂತು ಅತ್ತಳು.

ಕೆಂಚಕ್ಕ ಅಳುವವರನ್ನು ಸಮಾಧಾನ ಮಾಡುವ ಪೈಕಿ ಅಲ್ಲ. ಅವಳು ನೆಟ್ಟಗೆ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬ ಎಳೆದುಕೊಂಡು ಬಂದು ಸೊಸೆಯ ಮುಂದೆ ಧಡ್ ಎಂದು ಇಟ್ಟಳು. ಕೆಲವು ದಿನಗಳಿಂದ ಅವಳ ತಲೆಯಲ್ಲಿ ಒಂದು ಗುಮಾನಿ ಕೊರೆಯುತ್ತಿತ್ತು.

"ಇದಕ್ಕೆ ಉತ್ತರ ಹೇಳು ಮೊದ್ಲು. ಮೂರು ಜನ ಉಣ್ಣೋ ಮನೆ. ಈ ಹೊತ್ತಿಗೆ ಹಿಟ್ಟು ತಳ ಕಂಡು ನಾನು ಗಿರಣಿಗೆ ಹೋಗಿ ಬರಬೇಕಿತ್ತು. ನೋಡು, ಇನ್ನೂ ಅರ್ಧ ಡಬ್ಬ ಐತೆ. ನೀನು ಉಣ್ತೀನಿ ಉಣ್ತೀನಿ ಅಂತ ಎಲ್ಲಿಗೆ ಹಾಕ್ತಿದೀಯ? ಎಮ್ಮೆಗೆ ಹಾಕ್ತಿದೀಯೇನು?"

"ದೇವುಡಾ! ನಿಮ್ಮ ಕಣ್ಣೆದುರಿಗೇ ತೂಗಿ ಉಣ್ತೀನಲ್ಲ ಅತ್ತೆ!"

"ಏನು ತೂಗ್ತೀಯ?"

"ರಾಗಿ! ಹೊತ್ತಿಗೆ ನೂರು ಗ್ರಾಂ ರಾಗಿ!"

"ರಾಗಿ ಎಲ್ಲಿ ತೂಗಿದೆ ನೀನು? ಮುದ್ದೆ ತೂಗಿದೆ."

"ಮುದ್ದೆ ಯಾತರದ್ದು? ರಾಗೀದೇ ಅಲ್ವಾ?"

ಕೆಂಚಕ್ಕ ಡಬ್ಬ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ತಕ್ಕಡಿ ತಂದಳು. ನೂರು ಗ್ರಾಮಿನ ಕಲ್ಲು ಇಟ್ಟು ಒಣ ಹಿಟ್ಟನ್ನು ತೂಗಿದಳು. ಒಲೆ ಹಚ್ಚಿ, ನೀರಿಟ್ಟು, ಕುದಿ ಬಂದ ಮೇಲೆ ಆ ಹಿಟ್ಟನ್ನೇ ಸುರಿದು, ಕೋಲು ಹಾಕಿ ತೊಳಸಿದಳು. ಅಳು ನಿಲ್ಲಿಸಿ ಯರ್ರಮ್ಮ ಬಂದು ಬಾಗಿಲಲ್ಲಿ ನಿಂತಳು. ಮಗ್ಗ ಬಿಟ್ಟು ಉಗ್ರಪ್ಪನೂ ಬಂದ. ಕೆಂಚಕ್ಕ ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿ ತಕ್ಕಡಿಗೆ ಹಾಕಿದಳು. ತಟ್ಟೆ ಠಣ್ ಎಂದು ನೆಲಕ್ಕೆ ಬಡಿಯಿತು. ಆಚೆ ಕಡೆ ಇನ್ನೊಂದು ನೂರರ ಕಲ್ಲು ಇಟ್ಟಳು, ಏಳಲಿಲ್ಲ. ಮತ್ತೊಂದು ಇಟ್ಟ ಮೇಲೆ ಮುಳ್ಳು ನಡುವಿಗೆ ಬಂತು.

ತಟ್ಟೆಯಲ್ಲಿ ಇದ್ದದ್ದು ಮೊದಲಿನ ಕಾಲದ ಮುದ್ದೆ. ತಿಂಗಳುಗಟ್ಟಲೆ ಯರ್ರಮ್ಮ ಕಣ್ಣೆತ್ತಿಯೂ ನೋಡದ, ಇದನ್ನು ಉಂಡರೆ ಸತ್ತೇ ಎಂದುಕೊಂಡಿದ್ದ, ಇಡೀ ಮುದ್ದೆ. ಅದೇ ಅವಳ ಒಂದು ಹೊತ್ತಿನ ಲೆಕ್ಕ.

ಮೊದಲು ನಕ್ಕವನು ಉಗ್ರಪ್ಪ. "ಲೇ ಯರ್ರಮ್ಮ, ಸಾವ್ಕಾರ್ರು ತಂಪು ನೂಲು ಕೊಟ್ರೆ ನೀರು ತೂಗ್ತೀರೇನ್ರಿ ಅಂತ ಜಗಳಕ್ಕೆ ಹೋಗ್ತಿದ್ಯಲ್ಲೇ. ನಿನ್ನ ಹೊಟ್ಟೆಗೆ ನೀನೇ ನೀರು ತೂಗಿ ಕೊಟ್ಕೊಂಡ್ಯಲ್ಲೇ!"

ಯರ್ರಮ್ಮ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿನಿಂದ ನಗು ಹೊರಗೆ ಬಂತು. ಆಮೇಲೆ ತಡೆಯಲಾಗಲಿಲ್ಲ. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಏನಾಯಿತೋ ಎಂದು ಪಕ್ಕದ ಮನೆಯವರು ಇಣುಕಿದರು. ಕೆಂಚಕ್ಕ ಅವರಿಗೆ ಕಥೆ ಹೇಳಿದಳು. ಸಂಜೆಯೊಳಗೆ ಕಥೆ ಬೀದಿಯ ಆ ತುದಿ ಮುಟ್ಟಿ, ಒಂದಿಷ್ಟು ಉಪ್ಪು ಖಾರ ಹಚ್ಚಿಕೊಂಡು ಈ ತುದಿಗೆ ವಾಪಸ್ಸು ಬಂತು.

ಮರುದಿನ ಚಳ್ಳಕೆರೆಯಲ್ಲಿ ಕಮಲಾಕ್ಷಮ್ಮನಿಗೆ ಹೇಳಿದಾಗ ಅವರೂ ಮೇಜು ಬಡಿದು ನಕ್ಕರು. ತೂಕ ನೋಡಿದ ಮೇಲೆ ನಗು ನಿಂತಿತು. ಐವತ್ತೊಂಬತ್ತು. "ಇಳಿದ್ರೆ ಜಾಸ್ತಿ ಮಾಡು ಅಂದಿದ್ನಲ್ಲೇ ಯರ್ರಮ್ಮ!"

"ಅದೊಂದು ಕಿವಿಗೆ ಬೀಳ್ಲಿಲ್ಲ ಸಿಸ್ಟರಮ್ಮ."

"ನಾನೂ ಒಣ ಹಿಟ್ಟು ಅಂತ ಒಂದು ಮಾತು ಬಿಡಿಸಿ ಹೇಳಬೇಕಿತ್ತು ಬಿಡು." ಆಮೇಲೆ ಅವರು ಹೇಳಿದ್ದು ಇಷ್ಟು. ಒಂದೇ ಸಲಕ್ಕೆ ಪೂರ್ತಿ ಲೆಕ್ಕಕ್ಕೆ ಹಾರಬೇಡ. ಈ ವಾರ ಸ್ವಲ್ಪ ಏರಿಸು, ಮುಂದಿನ ವಾರ ಇನ್ನೂ ಸ್ವಲ್ಪ. ಮೊದಮೊದಲು ಒಂದೆರಡು ಕೆಜಿ ಏರುತ್ತದೆ, ಹೆದರಬೇಡ, ಅದರಲ್ಲಿ ಅರ್ಧ ನೀರು. ತೋಳಿಗೆ ಕಸುವು ಬಂದು, ತೂಕ ಏರದೆ ಇಳಿಯದೆ ಎಲ್ಲಿ ನಿಲ್ಲುತ್ತದೋ ಅದೇ ನಿನ್ನ ಊಟ. ಹಾಸು ಮುಗಿದು ಮಗ್ಗ ಖಾಲಿ ಇರುವ ದಿನಗಳಲ್ಲಿ ಒಂದು ಹಿಡಿ ಕಮ್ಮಿ ಮಾಡು, ಅವತ್ತು ಖರ್ಚೂ ಕಮ್ಮಿ. ಈ ಸಲ ಯರ್ರಮ್ಮ ಅಷ್ಟನ್ನೂ ಎರಡೆರಡು ಸಲ ತಿರುಗಿ ಹೇಳಿ ಒಪ್ಪಿಸಿ ಬಂದಳು.

ಹೇಳಿದಷ್ಟು ಸುಲಭ ಇರಲಿಲ್ಲ. ಮುದ್ದೆ ದೊಡ್ಡದಾದ ಹಾಗೆಲ್ಲ ಅವಳಿಗೆ ಹೆದರಿಕೆಯೂ ದೊಡ್ಡದಾಯಿತು. ಇಡೀ ಮುದ್ದೆ ತಟ್ಟೆಗೆ ಬಿದ್ದ ಮೊದಲ ದಿನ, ಅದನ್ನು ಕೈಯಲ್ಲಿ ಮುರಿಯುತ್ತಾ, "ಇದು ಮತ್ತೆ ನನ್ನ ರಾಟೆ ಹತ್ರ ಕೂರಿಸಲ್ಲ ಅಲ್ವಾ ಅತ್ತೆ?" ಎಂದು ಮಗುವಿನ ಹಾಗೆ ಕೇಳಿದಳು. ಕೆಂಚಕ್ಕನ ಬಾಯಲ್ಲಿ ಬೈಗುಳ ಬರಲಿಲ್ಲ. "ಲೆಕ್ಕ ನಾನೇ ನೋಡೀನಲ್ಲೇ, ಉಣ್ಣು" ಅಂದಳು. ಹುರುಳಿಕಾಳು ಸಾರಲ್ಲಿ ಅದ್ದಿದ ಬಿಸಿ ತುತ್ತು ಗಂಟಲಲ್ಲಿ ಇಳಿದಾಗ ಯರ್ರಮ್ಮನಿಗೆ ಆದ ಸುಖ ಇಂಥದ್ದೆಂದು ಹೇಳಲು ಬಾರದು. ಊಟ ಅನ್ನುವುದು ಇಷ್ಟು ಚೆನ್ನಾಗಿರುತ್ತದೆಂದು ಅವಳು ಮರೆತೇ ಬಿಟ್ಟಿದ್ದಳು.

ತೂಕ ಎರಡು ಕೆಜಿ ಏರಿತು. ಆವತ್ತು ಯರ್ರಮ್ಮ ನಾಲ್ಕು ಸಲ ಮಣೆ ಮೇಲೆ ಕೂತು, ಹೊಟ್ಟೆಗೂ ದಿಂಡಿಗೂ ನಡುವೆ ಕೈಯಿಟ್ಟು ಅಳೆದುಕೊಂಡಳು. ಆಮೇಲೆ ಮೆಲ್ಲಗೆ ಇನ್ನೊಂದಿಷ್ಟು ಏರಿ, ಅರವತ್ನಾಲ್ಕರ ಹತ್ತಿರ ಬಂದು, ಅಲ್ಲೇ ಕೂತಿತು. ಮುಂದಿನ ವಾರ ನೋಡಿದರೂ ಅಲ್ಲೇ. ಅದರ ಮುಂದಿನ ವಾರವೂ ಅಲ್ಲೇ. ಇತ್ತ ಮಗ್ಗದ ಸದ್ದು ಬದಲಾಯಿತು. ಮಧ್ಯಾಹ್ನ ಕಳೆದರೂ ಬಡಿತ ಗಟ್ಟಿಯಾಗಿ ಬೀಳತೊಡಗಿತು. ಉಗ್ರಪ್ಪ ತನ್ನ ಮಗ್ಗದಿಂದಲೇ, "ಮೆಲ್ಲಗೆ ಕಣೇ, ಗೋಡೆ ಬಿದ್ದೀತು" ಎಂದು ರೇಗಿಸುವನು. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು.

ಹಾಸಿನ ಕಡೇ ಸೀರೆ ಮಗ್ಗದಿಂದ ಇಳಿದ ದಿನ ಜಂಬುಲಿಂಗಪ್ಪ ಬಂದರು. ಮಧ್ಯಾಹ್ನ ಒಂದು ಗಂಟೆ ಹೊತ್ತು. ಯರ್ರಮ್ಮ ಗುಂಡಿಯಲ್ಲೇ ಕೂತಿದ್ದಳು. ಸಾವ್ಕಾರರು ಸೀರೆ ಬಿಚ್ಚಿ ಬಾಗಿಲಿಗೆ ಹೋದರು. ಬೆಳಕಿಗೆ ಹಿಡಿದರು. ಅಂಚು ನೋಡಿದರು, ಒಡಲು ನೋಡಿದರು, ತಿರುಗಿಸಿ ಹಿಂಬದಿ ನೋಡಿದರು. ಬಟ್ಟೆಗೆ ಮುಖ ಹತ್ತಿರ ತಂದು ಆಚೆ ಏನಾದರೂ ಕಾಣುತ್ತದೆಯೇ ಎಂದು ಇಣುಕಿದರು. ಬೀದಿಯೂ ಕಾಣಲಿಲ್ಲ, ಬಿಸಿಲೂ ಕಾಣಲಿಲ್ಲ.

ಸಾವ್ಕಾರರು ಸೀರೆ ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಹೊರಗೆ ಸೈಕಲ್ಲಿನಲ್ಲಿ ಕಟ್ಟಿದ್ದ ಗಂಟನ್ನು ತರಿಸಿದರು. ಬಿಚ್ಚಿದರೆ ಅರಗಿಳಿ ಹಸಿರಿನ ರೇಷ್ಮೆ ಹಾಸು, ದೊಡ್ಡಂಚಿಗೆಂದು ಕುಂಕುಮ ಬಣ್ಣದ ನೂಲು ಬೇರೆ. ನಡುಮನೆಯೆಲ್ಲ ಬೆಳಗಿದ ಹಾಗಾಯಿತು. "ತಗಳಮ್ಮ. ಕಾರ್ತೀಕದ ಸೀರೆ ನಿಂದೇ. ಅದಾದ ಮೇಲೂ ನಿಂದೇ. ಈ ಮಗ್ಗ ಖಾಲಿ ಬಿಡಲ್ಲ ನಾನು" ಅಂದರು.

ಎಲ್ಲರೂ ಯರ್ರಮ್ಮನ ಕಡೆ ನೋಡಿದರು. ಹಾಸನ್ನು ಎದೆಗೆ ಅಪ್ಪಿಕೊಳ್ಳುತ್ತಾಳೆ, ಅಳುತ್ತಾಳೆ, ಇಲ್ಲವೇ ಮೂರು ಮನೆ ಆಚೆಗೆ ಕೇಳಿಸುವ ಹಾಗೆ ನಗುತ್ತಾಳೆ ಎಂದುಕೊಂಡರು. ಅವಳು ದಿಂಡು ಹಿಡಿದು ಗುಂಡಿಯಿಂದ ಸಲೀಸಾಗಿ ಮೇಲೆದ್ದು ಬಂದಳು. ಹಸಿರು ರೇಷ್ಮೆಯನ್ನು ಅಂಗೈಯಲ್ಲಿ ಒಂದು ಸಲ ಸವರಿದಳು. ಆಮೇಲೆ ಅಡುಗೆಮನೆ ಕಡೆ ತಿರುಗಿ, ಏನೋ ಈಗ ತಾನೇ ಗೊತ್ತಾದವಳ ಹಾಗೆ ಹೇಳಿದಳು.

"ಅತ್ತೆ, ನಂಗೆ ಹಸಿವಾಗ್ತೈತೆ."

ಪಥ್ಯ ಹಿಡಿದಂದಿನಿಂದ ಈ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ಹಸಿವಾದರೆ ನೀರು ಕುಡಿಯುತ್ತಿದ್ದಳು, ಮಲಗಿಬಿಡುತ್ತಿದ್ದಳು, ಹಸಿವೆಂದು ಬಾಯಿಬಿಟ್ಟು ಹೇಳಲು ನಾಚುತ್ತಿದ್ದಳು. ಒಲೆಯ ಮುಂದಿದ್ದ ಕೆಂಚಕ್ಕ ಸೆರಗಿನಿಂದ ಎರಡೂ ಕಣ್ಣು ಒತ್ತಿಕೊಂಡಳು. ಹೊಗೆ ಅಂತ ಯಾರೂ ಕೇಳದೆಯೇ ಹೇಳಿದಳು. ಆಮೇಲೆ ನಡುಮನೆಗೆ ಕೇಳುವ ಹಾಗೆ ಕೂಗಿದಳು.

"ಸಾವ್ಕಾರ್ರೇ, ನೀವೂ ಕೈ ತೊಳಕಳ್ರಿ. ನಮ್ಮ ಸೊಸೆ ಉಣ್ತಾಳೆ ಇವತ್ತು."